ಧಾರವಾಡ ಸೀಮೆಯ ಹಿತ್ತಲಿನ ಹೂಗಿಡಗಳು

೧

ಅರಸುಮನೆತನಗಳ ಇತಿಹಾಸವು ಶಿಲೆಗಳಲ್ಲಿಯೂ ತಾಮ್ರಪಟಗಳಲ್ಲಿಯೂ ಬರೆದಿರುವದು. ಗೃಹಸ್ಥರ ಮನೆಗಳ ಇತಿಹಾಸವನ್ನು ಬರೆದಿಟ್ಟವರು ವಿರಳ. ಆದರೂ ಮನೆಯ ಹಿಂದಿನ ಹಿತ್ತಲು ಓದಬಲ್ಲವರಿಗೆ ಒಂದು ಬಗೆಯ ದಫ್ತರವೇ ಸರಿ. ಅಲ್ಲಿ ಬೆಳೆದ ಒಂದೊಂದು ಹೂಗಿಡವೂ ಒಂದೊಂದು ಕಾಲದ ಕಾಗದಪತ್ರವಾಗಿರುವದು.

ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಸಾಧನಕೇರಿಗಳಲ್ಲಿ ಅಲ್ಲಲ್ಲಿ ಉಳಿದಿರುವ ಹಳೆಯ ಹೆಂಚಿನ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಬಾವಿಕಟ್ಟೆಯ ಬಳಿ ದುಂಡುಮಲ್ಲಿಗೆಯ ಮಡಿ, ಬಚ್ಚಲ ನೀರು ಹರಿದು ಹೋಗುವಲ್ಲಿ ದಾಸವಾಳ, ತುಲಸಿಯ ವೃಂದಾವನದ ಆಚೆ ಸಂಜೆಮಲ್ಲಿಗೆಯ ಪೊದೆ, ಮೂಲೆಯಲ್ಲಿ ಪಾರಿಜಾತ, ಗೋಡೆಯ ಬದಿಗೆ ದೇವಕಣಗಿಲೆ, ಮುಂಬಾಗಿಲ ಕಂಬಕ್ಕೆ ಹಬ್ಬಿಸಿದ ಕಾಗದದ ಹೂವಿನ ಬಳ್ಳಿ, ರಸ್ತೆಯ ಅಂಚಿಗೆ ಗುಲ್‌ಮೊಹರ. ಮನೆಯ ಹಿರಿಯರನ್ನು ಕೇಳಿದರೆ ಇವೆಲ್ಲ ಅಜ್ಜ-ಮುತ್ತಜ್ಜರ ಕಾಲದ ಹೂಗಳೇ. ಆದರೆ ಸಸ್ಯಶಾಸ್ತ್ರಜ್ಞರನ್ನು ಕೇಳಿದರೆ ಬೇರೊಂದು ಉತ್ತರ ಬರುವದು. ದೇವಕಣಗಿಲೆ, ಸಂಜೆಮಲ್ಲಿಗೆ, ಕಾಗದದ ಹೂ ಈ ಮೂರೂ ಅಮೇರಿಕ ಖಂಡದವು. ಗುಲ್‌ಮೊಹರವು ಆಫ್ರಿಕದ ಬದಿಯ ಮಡಗಾಸ್ಕರ ದ್ವೀಪದ್ದು. ದಾಸವಾಳದ ಕಾಡುಮೂಲವು ಎಲ್ಲಿಯದೆಂಬದು ಇನ್ನೂ ಚರ್ಚೆಯ ವಿಷಯ. ಏಳು ಗಿಡಗಳಲ್ಲಿ ಭರತಖಂಡದ ಹಳೆಯ ನಿವಾಸಿಗಳೆಂದು ಸಂದೇಹವಿಲ್ಲದೆ ಹೇಳಬಹುದಾದವು ಮಲ್ಲಿಗೆ, ಪಾರಿಜಾತ ಎರಡೇ.

ಹಾಗಾದರೆ ಈ ಸೀಮೆಯ ಸ್ವಂತದ ಹೂವು ಯಾವದು? ಇಲ್ಲಿಯೇ ಹುಟ್ಟಿದ್ದೋ, ಇಲ್ಲಿ ಬಂದು ಬಾಳಿದ್ದೋ? ಹೊಸ ಮನೆಯನ್ನು ಕಟ್ಟಿಸಿ, ಅಂಗಳದಲ್ಲಿ ಏನನ್ನು ನೆಡಬೇಕೆಂದು ಯೋಚಿಸುತ್ತಿರುವ ಗೃಹಸ್ಥನಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಹಿತ್ತಲಿನ ಇತಿಹಾಸವನ್ನು ತಿಳಿದವನು ಅಂಗಳದ ಗಿಡವನ್ನು ಚೆನ್ನಾಗಿ ಆರಿಸಬಲ್ಲನು.

೨

ಕನ್ನಡ ನಾಡಿಗೆ ಹೂದೋಟವು ಹೊಸದಲ್ಲ. ಪಂಪನು ೯೪೧ರ ಸುಮಾರಿಗೆ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ಸುಖಗಳನ್ನು ಎಣಿಸುವಾಗ ಅರಳಿದ ಮಲ್ಲಿಗೆಯನ್ನು ಮರೆತಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ದತ್ತಿಗಳ ಸಾಲಿನಲ್ಲಿ ಗದ್ದೆ, ಗಾಣ, ನಿವೇಶನಗಳೊಡನೆ ‘ಪೂದೋಂಟ’ವೂ ಮೇಲಿಂದ ಮೇಲೆ ಬರುವದು. ನಿತ್ಯಪೂಜೆಗೆ ವರ್ಷದ ಎಲ್ಲ ದಿನವೂ ಹೂವು ಬೇಕು. ಹೂವು ದೂರದಿಂದ ಬರುವ ವಸ್ತುವಲ್ಲ, ಬೆಳಗ್ಗೆ ಕೊಯ್ದದ್ದು ಮಧ್ಯಾಹ್ನಕ್ಕೆ ಬಾಡುವದು. ಆದುದರಿಂದ ದೇವಾಲಯದ ಹತ್ತಿರವೇ ನೀರಿನ ಆಸರೆಯುಳ್ಳ ನೆಲವನ್ನು ಹೂವಿಗಾಗಿ ತೆಗೆದಿಡುವದು ಅವಶ್ಯವಾಗಿತ್ತು. ಈ ಕಾಯಕದ ನೆನಪು ಉತ್ತರ ಕರ್ನಾಟಕದ ಹೂಗಾರ ಮನೆತನಗಳ ಹೆಸರಿನಲ್ಲಿಯೇ ಉಳಿದಿದೆ. ಬೆಳಗಾಗುವದರೊಳಗೆ ಹೂವನ್ನೂ ಬಿಲ್ವಪತ್ರೆಯನ್ನೂ ಮನೆಮನೆಗೆ ಮುಟ್ಟಿಸುವದು ಅವರ ಪರಂಪರೆಯ ವೃತ್ತಿ.

ಗಿಡಗಳ ಆರೈಕೆಯೂ ಆ ಕಾಲದಲ್ಲಿ ಶಾಸ್ತ್ರವಾಗಿ ಬೆಳೆದಿತ್ತು. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ಬರೆದನು. ಜ್ಯೋತಿಷ, ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಂಧದ್ರವ್ಯ, ಅಡಿಗೆ ಮೊದಲಾದ ಲೋಕೋಪಯೋಗಿ ವಿಷಯಗಳ ನಡುವೆ ಅದರಲ್ಲಿ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವಿದೆ. ಮನುಷ್ಯನಿಗೆ ವೈದ್ಯವಿರುವಂತೆ ಗಿಡಕ್ಕೂ ವೈದ್ಯವುಂಟು, ಅದನ್ನು ಕನ್ನಡದಲ್ಲಿಯೇ ಹೇಳಬೇಕು ಎಂಬ ಬುದ್ಧಿ ಸಾವಿರ ವರ್ಷಗಳ ಹಿಂದೆ ಇಲ್ಲಿ ಇದ್ದಿತೆಂಬದು ಗಮನಿಸತಕ್ಕ ಸಂಗತಿ. ಒಂದು ಶತಮಾನದ ತರುವಾಯ, ೧೧೩೦ರ ಸುಮಾರಿಗೆ, ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅರಸನು ಅನುಭವಿಸತಕ್ಕ ಇಪ್ಪತ್ತು ಭೋಗಗಳನ್ನು ಅದರಲ್ಲಿ ಎಣಿಸಲಾಗಿದ್ದು, ಅವುಗಳಲ್ಲಿ ಮಾಲ್ಯೋಪಭೋಗ, ಎಂದರೆ ಹೂಮಾಲೆಗಳ ಸುಖವೂ ಒಂದು. ಅದೇ ಗ್ರಂಥದ ಕ್ರೀಡೆಗಳ ಭಾಗದಲ್ಲಿ ವನಕ್ರೀಡೆಯ ವರ್ಣನೆಯುಂಟು. ಇದರ ಮೇಲಿಂದ, ಹಿಂದಿನವರು ಹೂವನ್ನು ದೇವರಿಗಾಗಿ ಮಾತ್ರ ಬೆಳೆಸಿದರೆಂದೂ, ಸಂತೋಷಕ್ಕಾಗಿ ತೋಟವನ್ನು ಮಾಡುವ ರೂಢಿಯು ಇಂಗ್ಲಿಷರಿಂದ ಬಂದಿತೆಂದೂ ಆಗಾಗ ಕೇಳಿಬರುವ ಮಾತು ಸರಿಯಲ್ಲವೆಂದು ಸಿದ್ಧವಾಗುವದು.

ಆದರೆ ಆ ಕಾಲದ ಸಂತೋಷದ ಬಗೆ ಬೇರೆಯಾಗಿತ್ತು. ಹಳೆಯ ಕಾವ್ಯಗಳ ಉದ್ಯಾನವರ್ಣನೆಗಳಲ್ಲಿ ಬರುವ ಹೆಸರುಗಳನ್ನು ನೋಡಿರಿ: ಮಲ್ಲಿಗೆ, ಜಾಜಿ, ಸಂಪಿಗೆ, ಸುರಗಿ, ಪಾದರಿ, ಕೇದಿಗೆ, ಬಕುಳ, ಇರುವಂತಿಗೆ; ಎಲೆಗಳಲ್ಲಿ ಮರುಗ, ದವನ. ಇವುಗಳಲ್ಲಿ ಹೆಚ್ಚಿನವು ಬಣ್ಣದಿಂದ ಸಾಧಾರಣವಾದವು, ಬಿಳಿ ಇಲ್ಲವೆ ಮಾಸಲು ಹಳದಿ. ಬಕುಳದ ಹೂವಂತೂ ಕಣ್ಣಿಗೆ ಬೀಳದಷ್ಟು ಚಿಕ್ಕದು. ಆದರೆ ಪರಿಮಳದಲ್ಲಿ ಒಂದನ್ನೊಂದು ಮೀರಿಸುವವು. ಇದಕ್ಕೆ ಸೃಷ್ಟಿಯಲ್ಲಿಯೇ ಕಾರಣವಿದೆ. ಮಲ್ಲಿಗೆ ಜಾಜಿಗಳಂಥ ಹೂಗಳು ಸಂಜೆಗೆ ಅರಳಿ ಇರುಳಿನಲ್ಲಿ ಹಾರುವ ಪತಂಗಗಳನ್ನು ಕರೆಯುತ್ತವೆ. ಕತ್ತಲಲ್ಲಿ ಕೆಂಪು-ನೀಲಿಗಳಿಂದ ಪ್ರಯೋಜನವಿಲ್ಲ. ಬೆಳ್ಳಗಿನ ಮೈಯೂ ಗಾಳಿಯಲ್ಲಿ ಸಾಗುವ ಕಂಪೂ ಇದ್ದರೆ ಸಾಕು. ಬಿಸಿಲ ನಾಡಿನ ಜನರಿಗೂ ವಿಶ್ರಾಂತಿಯ ಹೊತ್ತು ಸಂಜೆಯೇ. ಹೀಗಾಗಿ ಹಳೆಯ ಹೂದೋಟವು ಮುಖ್ಯವಾಗಿ ಮೂಗಿಗಾಗಿ ಇದ್ದ ತೋಟವು. ಅಲ್ಲಿಯ ಹೂವು ಗಿಡದ ಮೇಲೆ ನಿಲ್ಲಲಿಕ್ಕಲ್ಲ, ಕೊಯ್ದು ದೇವರಿಗೆ ಏರಿಸಲಿಕ್ಕೆ, ಮಾಲೆ ಕಟ್ಟಲಿಕ್ಕೆ, ಮುಡಿಯಲಿಕ್ಕೆ.

೩

ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಧಾರವಾಡ ಸೀಮೆಗೆ ಪಾರಸಿ ಮಾತುಗಳು ಹರಿದುಬಂದವು. ಅವುಗಳೊಡನೆ ಹೂವಿನ ಹೆಸರುಗಳೂ ಬಂದವು. ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು; ‘ಗುಲಾಬ್’ ಎಂಬದು ಮೊದಲು ಪನ್ನೀರಿನ ಹೆಸರು. ಆ ನೀರನ್ನು ಇಳಿಸುವ ಹೂವಿಗೆ ಕನ್ನಡಿಗರು ಗುಲಾಬಿಯೆಂದು ಕರೆದರು. ಹೂವನ್ನು ಅದರ ರೂಪದಿಂದಲ್ಲ, ಅದರ ಪರಿಮಳದ ನೀರಿನಿಂದ ಗುರುತಿಸಿದ್ದು ಇಲ್ಲಿ ಗಮನಿಸತಕ್ಕದ್ದು. ಇಮ್ಮಡಿ ಇಬ್ರಾಹಿಮ ಆದಿಲಶಹನ ಕಾಲದಲ್ಲಿ (೧೫೮೦–೧೬೨೭) ಅವನ ಆಸ್ಥಾನಕ್ಕಾಗಿ ಸುಗಂಧಗಳನ್ನು ಕುರಿತು ‘ಇತ್ರ್-ಎ-ನೌರಸಶಾಹೀ’ ಎಂಬ ಪಾರಸಿ ಗ್ರಂಥವೇ ಹುಟ್ಟಿತು. ಆಳುವವರು ಬೇರೆಯಾದರೂ, ಭಾಷೆ ಬೇರೆಯಾದರೂ, ತೋಟದ ಒಡೆತನವು ಇನ್ನೂ ಮೂಗಿನದೇ ಆಗಿತ್ತು.

ಇದೇ ಕಾಲದಲ್ಲಿ ಘಟ್ಟದ ಕೆಳಗೆ ಇನ್ನೊಂದು ಬಾಗಿಲು ತೆರೆದಿತ್ತು. ೧೫೧೦ರಲ್ಲಿ ಪೋರ್ತುಗೀಜರು ಗೋವೆಯನ್ನು ಹಿಡಿದರು. ಅವರ ಹಡಗುಗಳು ಅಮೇರಿಕದ ಸಸ್ಯಗಳನ್ನು ಪಶ್ಚಿಮ ಸಮುದ್ರದ ದಡಕ್ಕೆ ತಂದವು. ಇಂದು ಬ್ಯಾಡಗಿಯ ಹೆಸರಿನೊಡನೆ ಬಿಡಿಸಲಾರದಂತೆ ಬೆಸೆದುಕೊಂಡಿರುವ ಮೆಣಸಿನಕಾಯಿ ಅಮೇರಿಕದ ಗಿಡವಷ್ಟೆ. ಚೆಂಡುಹೂ, ಸುಗಂಧರಾಜಗಳೂ ಮೂಲತಃ ಮೆಕ್ಸಿಕೋ ದೇಶದವು. ದೇವಕಣಗಿಲೆ, ಸಂಜೆಮಲ್ಲಿಗೆಗಳೂ ಆ ಖಂಡದವೇ. ಕೊಲಂಬಸನು ೧೪೯೨ರಲ್ಲಿ ಸಮುದ್ರವನ್ನು ದಾಟುವ ಮೊದಲು ಇವುಗಳಲ್ಲಿ ಒಂದೂ ಕನ್ನಡ ನೆಲವನ್ನು ಮುಟ್ಟಿರಲಿಲ್ಲ. ವಿಜಯನಗರವನ್ನು ಕಟ್ಟಿದವರು ಚೆಂಡುಹೂವಿಲ್ಲದೆಯೇ ಮಹಾನವಮಿಯನ್ನು ಆಚರಿಸಿರಬೇಕು!

ಹೂಗಳು ಬಂದ ದಾರಿ ಒಂದೇ ದಿಕ್ಕಿನದಾಗಿರಲಿಲ್ಲ. ಗೋವೆಯಲ್ಲಿ ನೆಲಸಿದ್ದ ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಜ ವೈದ್ಯನು ಈ ದೇಶದ ಔಷಧಿ-ಸಸ್ಯಗಳನ್ನು ಕುರಿತು ಸಂವಾದರೂಪದ ಗ್ರಂಥವನ್ನು ಬರೆದು ೧೫೬೩ರಲ್ಲಿ ಅಲ್ಲಿಯೇ ಮುದ್ರಿಸಿದನು. ಅದರಲ್ಲಿ ಪಾರಿಜಾತಕ್ಕೆ ಒಂದು ಸಂವಾದ ಮೀಸಲಾಗಿದೆ. ಇರುಳಿನಲ್ಲಿ ಅರಳಿ ನಸುಕಿನಲ್ಲಿ ಉದುರುವ ಈ ಹೂವನ್ನು ಕಂಡು ಅವನು ಅದನ್ನು ‘ದುಃಖದ ಮರ’ವೆಂದು ಕರೆದನು, ಸೂರ್ಯನನ್ನು ಪ್ರೀತಿಸಿ, ಅವನಿಂದ ತೊರೆಯಲ್ಪಟ್ಟು ಪ್ರಾಣಬಿಟ್ಟ ಕನ್ಯೆಯೊಬ್ಬಳ ಬೂದಿಯಿಂದ ಈ ಮರವು ಹುಟ್ಟಿತೆಂಬ ಇಲ್ಲಿಯ ಕಥೆಯನ್ನೂ ಬರೆದಿಟ್ಟನು. ಎರಡು ಶತಮಾನಗಳ ತರುವಾಯ ಸ್ವೀಡನ್ ದೇಶದ ಲಿನ್ನೇಯಸನು ೧೭೫೩ರಲ್ಲಿ ಸಸ್ಯಗಳಿಗೆ ಶಾಸ್ತ್ರೀಯ ನಾಮಗಳನ್ನು ಇಟ್ಟಾಗ ಪಾರಿಜಾತಕ್ಕೆ ದೊರೆತ ಲ್ಯಾಟಿನ್ ಹೆಸರಿನಲ್ಲಿಯೂ ಈ ‘ದುಃಖದ ಮರ’ವೇ ನಿಂತಿತು. ಹಿತ್ತಲಿನ ಮೂಲೆಯ ಗಿಡವೊಂದು ಹೀಗೆ ಜಗತ್ತಿನ ಗ್ರಂಥಗಳನ್ನು ಸೇರಿತು.

ಬಂದ ಗಿಡಗಳನ್ನು ಕನ್ನಡಿಗರು ಹೇಗೆ ಬರಮಾಡಿಕೊಂಡರೆಂಬದನ್ನು ಅವರು ಇಟ್ಟ ಹೆಸರುಗಳೇ ಹೇಳುತ್ತವೆ. ಹೊರಗಿನಿಂದ ಬಂದ ಕೆಲವಕ್ಕೆ ‘ಸೀಮೆ’ ಎಂಬ ಪದವನ್ನು ಮುಂದೆ ಹಚ್ಚಿ ದೂರವಿಟ್ಟರು. ಆದರೆ ಹೂಗಳ ವಿಷಯದಲ್ಲಿ ಅವರ ಮನಸ್ಸು ಮೆತ್ತಗಾದಂತೆ ತೋರುವದು. ಸಂಜೆಗೆ ಅರಳಿ ಕಂಪು ಬೀರಿದ ಅಮೇರಿಕದ ಗಿಡವು ಸಂಜೆಮಲ್ಲಿಗೆಯಾಯಿತು. ಬರ್ಮಾದ ಕಡೆಯ ಎತ್ತರವಾದ ಮರವೊಂದು ಉದ್ದ ಕೊಳವೆಯ ಬಿಳಿ ಹೂಗಳನ್ನು ಮುಗಿಲಿನಿಂದ ಉದುರಿಸಿದ್ದರಿಂದ ಆಕಾಶಮಲ್ಲಿಗೆಯಾಯಿತು. ಸಸ್ಯಶಾಸ್ತ್ರದ ಪ್ರಕಾರ ಇವೆರಡಕ್ಕೂ ಮಲ್ಲಿಗೆಗೂ ಯಾವ ನಂಟೂ ಇಲ್ಲ. ಪರಿಮಳದ ಗುಣವನ್ನು ಕಂಡು ಜನರು ಅವನ್ನು ಮಲ್ಲಿಗೆಯ ಮನೆತನಕ್ಕೆ ದತ್ತಕ ತೆಗೆದುಕೊಂಡರು. ಪೂಜೆಗೆ ಸಲ್ಲುವದಾದ ಇನ್ನೊಂದು ಪರದೇಶಿ ಗಿಡಕ್ಕೆ ‘ದೇವ’ ಎಂಬ ಪದವನ್ನೇ ಕೊಟ್ಟು ದೇವಕಣಗಿಲೆಯೆಂದರು. ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಕರ್ನಾಟಕಕ್ಕೆ ಬಂದು, ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದ ಕಿಟ್ಟೆಲ್ಲರು ಇಂಥ ನೂರಾರು ಸಸ್ಯನಾಮಗಳನ್ನು ಶಾಸ್ತ್ರೀಯ ಹೆಸರುಗಳೊಡನೆ ಸಂಗ್ರಹಿಸಿಟ್ಟಿದ್ದಾರೆ.

ಚೆಂಡುಹೂವಿಗೆ ಪರಿಮಳದ ಹೆಚ್ಚಳವಿಲ್ಲ. ಆದರೂ ಮಳೆಗಾಲದ ಕೊನೆಗೆ, ಮಹಾನವಮಿ-ದೀಪಾವಳಿಗಳ ಹೊತ್ತಿಗೆ ಅದು ರಾಶಿರಾಶಿಯಾಗಿ ಅರಳುವದು. ಹಾರವಾಗಿ ಕಟ್ಟಿದರೆ ಬೇಗ ಬಾಡದು. ಬಡವನ ಹೊಲದ ಬದುವಿನಲ್ಲಿಯೂ ಬೆಳೆಯುವದು. ಈ ಸೀಮೆಯ ಹಳ್ಳಿಗಳಲ್ಲಿ ದೀಪಾವಳಿಯ ದಿನ ಸಗಣಿಯಿಂದ ಮಾಡಿ ಕೂಡ್ರಿಸುವ ಪಾಂಡವರ ತಲೆಯ ಮೇಲೆ ಇಂದು ಚೆಂಡುಹೂವೇ ಶೋಭಿಸುವದು. ಮೆಕ್ಸಿಕೋದ ಹೂವಿಗೆ ಪಾಂಡವರ ತಲೆಯ ಮೇಲೆ ಜಾಗ ದೊರೆತದ್ದು ಅದರ ಕುಲವನ್ನು ನೋಡಿ ಅಲ್ಲ, ನಡತೆಯನ್ನು ನೋಡಿ.

೪

೧೮೧೮ರಲ್ಲಿ ಧಾರವಾಡವು ಇಂಗ್ಲಿಷರ ಕೈಸೇರಿ ಮುಂಬಯಿ ಇಲಾಖೆಗೆ ಒಳಗಾಯಿತು. ಆಗ ಊರಿನಲ್ಲಿ ಒಂದು ಗುಲ್‌ಮೊಹರವೂ ಇದ್ದಿರಲಾರದು. ಏಕೆಂದರೆ ಆ ಮರವು ಸಸ್ಯಶಾಸ್ತ್ರಜ್ಞರಿಗೇ ಇನ್ನೂ ತಿಳಿದಿರಲಿಲ್ಲ. ಮಡಗಾಸ್ಕರದಲ್ಲಿ ಅದನ್ನು ಕಂಡ ಬೋಯರನ ಬರಹದ ಆಧಾರದಿಂದ ೧೮೨೯ರಲ್ಲಿ ಇಂಗ್ಲಂಡದ ಸಸ್ಯಪತ್ರಿಕೆಯೊಂದರಲ್ಲಿ ಅದರ ಚಿತ್ರವೂ ವರ್ಣನೆಯೂ ಮೊದಲ ಸಲ ಪ್ರಕಟವಾದವು. ಕಾಗದದ ಹೂವಿನ ಕಥೆಯೂ ಹಾಗೆಯೇ. ಬೂಗನ್‌ವಿಲ್ ಎಂಬ ಫ್ರೆಂಚ್ ನೌಕಾಧಿಕಾರಿಯು ಪೃಥ್ವಿಯನ್ನು ಸುತ್ತಿಬರಲು ಹೊರಟಾಗ ಅವನ ಯಾತ್ರೆಯ ಹಡಗೊಂದರಲ್ಲಿದ್ದ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನು ೧೭೬೭ರಲ್ಲಿ ಬ್ರೆಝಿಲದ ರಿಯೋ ಬಂದರದಲ್ಲಿ ಈ ಬಳ್ಳಿಯನ್ನು ಸಂಗ್ರಹಿಸಿ, ನಾಯಕನ ಹೆಸರನ್ನು ಅದಕ್ಕೆ ಇಟ್ಟನು. ಅವನ ಸಹಾಯಕಿಯಾದ ಝಾನ್ ಬಾರೆ ಎಂಬವಳು ಗಂಡಸಿನ ವೇಷದಲ್ಲಿ ಆ ಹಡಗನ್ನು ಏರಿದ್ದಳು. ಭೂಪ್ರದಕ್ಷಿಣೆ ಮಾಡಿದ ಮೊದಲ ಹೆಣ್ಣುಮಗಳೆಂದು ಇತಿಹಾಸವು ಅವಳನ್ನು ನೆನೆಯುವದು. ಕಾಗದದಂತೆ ತೆಳ್ಳಗಿರುವ ಕೆಂಪು-ನೇರಳೆ ಬಣ್ಣದ ಭಾಗವು ಹೂವಲ್ಲ, ಬಣ್ಣಕಟ್ಟಿದ ಎಲೆ. ನಿಜವಾದ ಹೂವು ಅದರ ನಡುವೆ ಅಡಗಿರುವ ಸಣ್ಣ ಬಿಳಿ ಕೊಳವೆ.

ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳೊಡನೆ ಹೂದೋಟವು ಹಿಂದಿನಿಂದ ಮುಂದಕ್ಕೆ ಬಂದಿತು. ಈ ಒಂದು ಮಾತಿನಲ್ಲಿ ಆ ಕಾಲದ ದೊಡ್ಡ ಬದಲಾವಣೆಯು ಅಡಗಿದೆ. ಹಿತ್ತಲು ಹೆಂಗಸರ ಆಳಿಕೆಯ ಜಾಗ. ಅಲ್ಲಿಯ ಹೂವು ಹೊರಗಿನವರ ಕಣ್ಣಿಗೆ ಬೀಳಬೇಕಾಗಿರಲಿಲ್ಲ. ಬಂಗಲೆಯ ತೋಟವಾದರೋ ದಾರಿಯಲ್ಲಿ ಹೋಗುವವರು ನೋಡಲೆಂದೇ ಇರುವದು. ಹಿತ್ತಲಿನಲ್ಲಿ ಕೊಯ್ಯದೆ ಬಿಟ್ಟ ಹೂವು ವ್ಯರ್ಥವಾದ ಹೂವು. ಬಂಗಲೆಯ ತೋಟದಲ್ಲಿ ಕೊಯ್ದ ಹೂವೇ ನಷ್ಟವಾದ ಹೂವು. ಹಿತ್ತಲು ಮೂಗಿನದು, ಬಂಗಲೆಯ ತೋಟವು ಕಣ್ಣಿನದು. ಕುಂಡಗಳಲ್ಲಿ ಸಾಲಾಗಿಟ್ಟ ಕ್ರೋಟನ್, ಚಳಿಗಾಲದ ಡೇಲಿಯಾ, ಪರಿಮಳವಿಲ್ಲದ ದೊಡ್ಡ ಗುಲಾಬಿ ಇವೆಲ್ಲ ಕಣ್ಣಿನ ತೋಟದ ಸಂತಾನ. ವಕೀಲರು, ಶಿಕ್ಷಕರು, ಪೆನ್ಶನ್ ಪಡೆದು ಧಾರವಾಡದಲ್ಲಿ ನೆಲಸಿದ ಅಧಿಕಾರಿಗಳು ಕಟ್ಟಿಸಿದ ಮನೆಗಳಲ್ಲಿ ಎರಡೂ ಸೇರಿದವು: ಮುಂದೆ ಕಾಗದದ ಹೂ, ಹಿಂದೆ ಮಲ್ಲಿಗೆ. ಮಾಳಮಡ್ಡಿ-ಸಪ್ತಾಪುರಗಳ ಹಳೆಯ ಮನೆಗಳ ಚೆಲುವೆಲ್ಲ ಈ ಹೊಂದಾಣಿಕೆಯಲ್ಲಿದೆ.

ಗಿಡಗಳನ್ನು ಶಾಸ್ತ್ರೀಯವಾಗಿ ಗುರುತಿಸುವ ಕೆಲಸವೂ ಈ ಕಾಲದಲ್ಲಿಯೇ ನಡೆಯಿತು. ಪುಣೆಯ ವಿಜ್ಞಾನ ಕಾಲೇಜಿನ ಮುಖ್ಯಸ್ಥರಾಗಿದ್ದ ಥಿಯೋಡೋರ್ ಕುಕ್ ಇವರು ಮುಂಬಯಿ ಇಲಾಖೆಯ ಸಸ್ಯಸಂಪತ್ತನ್ನು ವರ್ಣಿಸುವ ಗ್ರಂಥವನ್ನು ೧೯೦೧ರಿಂದ ೧೯೦೮ರ ವರೆಗೆ ಪ್ರಕಟಿಸಿದರು. ಧಾರವಾಡ ಜಿಲ್ಲೆಯ ಗಿಡಮರಗಳೂ ಅದರಲ್ಲಿ ಬಂದಿವೆ. ೧೯೧೭ರಲ್ಲಿ ಕರ್ನಾಟಕ ಕಾಲೇಜು, ೧೯೪೭ರಲ್ಲಿ ಕೃಷಿ ಕಾಲೇಜು ಧಾರವಾಡದಲ್ಲಿ ಸ್ಥಾಪನೆಯಾದವು. ೧೯೪೯ರಲ್ಲಿ ಮುಂಬಯಿಯಲ್ಲಿ ಆರ���ಭವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಇಲ್ಲಿಗೆ ಬಂದಿತು. ೧೯೮೬ರಲ್ಲಿ ಕೃಷಿ ವಿಶ್ವವಿದ್ಯಾಲಯವು ಹುಟ್ಟಿತು. ಗಿಡಗಳ ವಿಷಯದಲ್ಲಿ ಇಷ್ಟು ವಿದ್ಯಾಸ್ಥಾನಗಳು ನೆರೆಯಲ್ಲಿರುವದು ಈ ಊರಿನ ಗೃಹಸ್ಥರ ಭಾಗ್ಯವೇ ಸರಿ.

೫

ಕಣ್ಣಿಗೆ ಚೆಲುವಾದದ್ದೆಲ್ಲ ನೆರೆಗೆ ಹಿತವಾಗಿರುವದಿಲ್ಲವೆಂಬದಕ್ಕೆ ಎರಡು ಉದಾಹರಣೆಗಳನ್ನು ಹೇಳದೆ ಈ ಇತಿಹಾಸವು ಪೂರ್ಣವಾಗದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಟಾನವೆಂಬ ಅಮೇರಿಕದ ಪೊದೆಯನ್ನು ಅದರ ಬಣ್ಣಬಣ್ಣದ ಗೊಂಚಲುಗಳಿಗಾಗಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬೇಲಿಗೆ ಒಳ್ಳೆಯದೆಂದು ಅಲ್ಲಿಂದ ಎಲ್ಲೆಡೆಗೆ ಹಂಚಿದರು. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದವು. ಇಂದು ಪಶ್ಚಿಮ ಘಟ್ಟದ ಸೆರಗಿನ ಕಾಡುಗಳಲ್ಲಿ ಅದು ಹುಲ್ಲನ್ನೂ ಎಳೆಯ ಸಸಿಗಳನ್ನೂ ಅದುಮಿ ಹಬ್ಬಿಕೊಂಡಿದೆ. ದನಗಳು ತಿಂದರೆ ಅವಕ್ಕೆ ವಿಷ. ಎರಡನೆಯದು ಜಲಕುಂಭಿ. ದಕ್ಷಿಣ ಅಮೇರಿಕದ ಈ ನೀರುಗಿಡವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದರ ನೀಲಿ ಹೂವಿನ ಮೋಹದಿಂದಲೇ ಈ ದೇಶದ ಕೊಳಗಳಿಗೆ ಬಿಟ್ಟರು. ಕೊಳಚೆ ನೀರು ಸೇರಿದ ಕೆರೆಯಲ್ಲಿ ಅದು ಕೆಲವೇ ವಾರಗಳಲ್ಲಿ ಇಮ್ಮಡಿಯಾಗುವದು. ಹುಬ್ಬಳ್ಳಿ-ಧಾರವಾಡಗಳ ನಡುವಿನ ಉಣಕಲ್ಲ ಕೆರೆಯ ಮೇಲೆಯೂ ಈ ಹಸುರು ಹೊದಿಕೆ ಹಬ್ಬಿ, ಅದನ್ನು ತೆಗೆಯಲಿಕ್ಕೆ ನಗರದವರು ಬಹಳ ಶ್ರಮಪಡಬೇಕಾಯಿತು.

ಚೆಂಡುಹೂವೂ ಲಂಟಾನವೂ ಒಂದೇ ಖಂಡದಿಂದ ಬಂದವು. ಒಂದು ದೇವರ ಜಗುಲಿಯನ್ನು ಏರಿತು. ಇನ್ನೊಂದು ಕಾಡಿಗೆ ಕಂಟಕವಾಯಿತು. ಆದುದರಿಂದ ಪರದೇಶದ್ದೆಂದು ಒಂದು ಗಿಡವನ್ನು ದೂರುವದೂ ತಪ್ಪು, ಹೊಸದೆಂದು ಅದನ್ನು ಹಿಂದೆಮುಂದೆ ನೋಡದೆ ತರುವದೂ ತಪ್ಪು. ಬೇಲಿಯೊಳಗೆ ನಿಲ್ಲುವದೋ, ಬೇಲಿಯನ್ನು ದಾಟುವದೋ ಎಂಬದನ್ನು ಮೊದಲು ವಿಚಾರಿಸಬೇಕು. ಮನೆಯಲ್ಲಿ ಮಕ್ಕಳೋ ದನಕರುಗಳೋ ಇದ್ದರೆ ಇನ್ನೊಂದು ವಿಚಾರವೂ ಅವಶ್ಯ. ಕಣಗಿಲೆ, ಹಳದಿ ಹೂವಿನ ಕಣಗಿಲೆ, ಅಗ್ನಿಶಿಖೆಯ ಗಡ್ಡೆ ಇವು ಪ್ರಾಣಕ್ಕೆ ಅಪಾಯವನ್ನು ತರಬಲ್ಲ ವಿಷಗಳು. ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಈ ದೇಶದವೇ. ವಿಷಕ್ಕೆ ಸ್ವದೇಶ-ಪರದೇಶಗಳ ಭೇದವಿಲ್ಲ. ಅಮೃತಕ್ಕೂ ಇಲ್ಲ: ಮಡಗಾಸ್ಕರದಿಂದ ಬಂದು ಅಂಗಳದಲ್ಲಿ ತಾನಾಗಿಯೇ ಹುಟ್ಟುವ ನಿತ್ಯಪುಷ್ಪದಿಂದ ೧೯೫೦ರ ತರುವಾಯ ತೆಗೆದ ಔಷಧಿಗಳು ರಕ್ತದ ಅರ್ಬುದದಿಂದ ಬಳಲುವ ಅನೇಕ ಮಕ್ಕಳ ಪ್ರಾಣವನ್ನು ಉಳಿಸಿವೆ.

೬

ಇನ್ನು ಆರಿಸುವ ವಿಷಯ. ಧಾರವಾಡವು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲು. ಊರಿನ ಪಡುವಣಕ್ಕೆ ಮಸಾರಿ ಮಣ್ಣು, ಕಾಡಿನ ನೆರಳು. ಮೂಡಣಕ್ಕೆ ಹುಬ್ಬಳ್ಳಿ-ನವಲಗುಂದಗಳ ಕಡೆಗೆ ಎರೆಯ ನೆಲ. ಮಸಾರಿಯಲ್ಲಿ ಮಳೆಯ ನೀರು ಬೇಗ ಇಂಗಿ ಹೋಗುವದು. ಮಲ್ಲಿಗೆ, ಗುಲಾಬಿ, ಸಂಪಿಗೆಗಳಿಗೆ ಅದು ಹಿತ. ಎರೆಯು ಮಳೆಗಾಲದಲ್ಲಿ ನೀರನ್ನು ಹಿಡಿದು ಬೇರನ್ನು ಕೊಳೆಯಿಸುವದು, ಬೇಸಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಹರಿಯುವದು. ಹುಬ್ಬಳ್ಳಿಯ ಗೃಹಸ್ಥನು ಮಲ್ಲಿಗೆಯನ್ನು ಬೆಳೆಸಬೇಕಾದರೆ ಅಗಲವಾದ ಕುಣಿಯನ್ನು ತೋಡಿ, ತಳಕ್ಕೆ ಹರಳುಕಲ್ಲು ಹಾಕಿ, ಮಸಾರಿ ಮಣ್ಣನ್ನೂ ಹಳೆಯ ತಿಪ್ಪೆಗೊಬ್ಬರವನ್ನೂ ಬೆರಸಿ ತುಂಬಿ, ಮಡಿಯನ್ನು ನೆಲಕ್ಕಿಂತ ಎತ್ತರಿಸಬೇಕು. ದಾಸವಾಳ, ಕಣಗಿಲೆ, ಕಾಗದದ ಹೂಗಳಿಗೆ ಇಷ್ಟು ಉಪಚಾರ ಬೇಡ. ಕಾಗದದ ಹೂವಿಗಂತೂ ನೀರು ಹೆಚ್ಚಾದರೆ ಎಲೆಯೇ ಹೆಚ್ಚು; ಒಣಗಿದ ಹವೆಯಲ್ಲಿ ಅದು ಮೈತುಂಬ ಅರಳುವದು. ನಲ್ಲಿಯ ನೀರಿಗಾಗಿ ದಿನಗಳನ್ನು ಎಣಿಸುವ ಬಡಾವಣೆಯವರು ಇದನ್ನು ನೆನಪಿನಲ್ಲಿಡುವದು ಒಳ್ಳೆಯದು. ನೆಡಲಿಕ್ಕೆ ಮೃಗಶಿರಾ ಮಳೆಗಿಂತ ಒಳ್ಳೆಯ ಕಾಲವಿಲ್ಲ. ಆಗ ನೆಟ್ಟ ಸಸಿಯು ಮುಂದಿನ ಬೇಸಗೆಯೊಳಗೆ ತನ್ನ ಬೇರನ್ನು ತಾನೇ ಇಳಿಸಿಕೊಳ್ಳುವದು.

ನೆಲ, ನೀರುಗಳ ತರುವಾಯ ನೋಡತಕ್ಕದ್ದು ಕಾಲ. ಈ ವಿಷಯದಲ್ಲಿ ಬೆಂಗಳೂರಿನ ಒಂದು ದೃಷ್ಟಾಂತವು ಉಪಯುಕ್ತವಾಗಿದೆ. ೧೯೦೮ರಿಂದ ೧೯೩೨ರ ವರೆಗೆ ಲಾಲಬಾಗಿನ ಮೇಲ್ವಿಚಾರಕರಾಗಿದ್ದ ಜರ್ಮನಿಯ ಕ್ರುಂಬಿಗಲ್ಲರು ಬೀದಿಯ ಮರಗಳನ್ನು ಆರಿಸುವಾಗ, ಒಂದರ ಹೂವು ಮುಗಿಯುತ್ತಲೇ ಇನ್ನೊಂದು ಅರಳುವಂತೆ ಯೋಜಿಸಿದರು. ವರ್ಷದ ಯಾವ ತಿಂಗಳಲ್ಲಿಯೂ ನಗರವು ಹೂವಿಲ್ಲದೆ ಇರಬಾರದೆಂಬದು ಅವರ ಗುರಿ. ನಗರಕ್ಕೆ ಅವರು ಮಾಡಿದ್ದನ್ನು ಗೃಹಸ್ಥನು ತನ್ನ ಅಂಗಳಕ್ಕೆ ಮಾಡಬಹುದು. ಒಂದೇ ದಿನ ಸಸಿಗಳ ಅಂಗಡಿಗೆ ಹೋಗಿ, ಆ ದಿನ ಅರಳಿರುವದನ್ನೆಲ್ಲ ಕೊಂಡುತಂದರೆ ಒಂದು ತಿಂಗಳು ಜಾತ್ರೆ, ಹನ್ನೊಂದು ತಿಂಗಳು ಬಯಲು.

ಧಾರವಾಡದ ಹವೆಯಲ್ಲಿ ಈ ಪಂಚಾಂಗವು ಕಷ್ಟದ್ದಲ್ಲ. ಚೈತ್ರ-ವೈಶಾಖಗಳು ಮಲ್ಲಿಗೆಯ ಕಾಲ. ಮಾಗಿಯಲ್ಲಿ ಗಿಡವನ್ನು ಕತ್ತರಿಸಿ, ಕೆಲವು ವಾರ ನೀರನ್ನು ಕಡಿಮೆ ಮಾಡಿ, ತರುವಾಯ ಗೊಬ್ಬರ-ನೀರು ಕೊಟ್ಟರೆ ಮೊಗ್ಗು ದಟ್ಟವಾಗಿ ಬರುವದು. ಜಾಗ ವಿಶಾಲವಾಗಿದ್ದರೆ ಆಗಲೇ ಬಂಗಾರದ ಜೋಲುಗಳನ್ನು ಇಳಿಬಿಡುವ ಕಕ್ಕೆ, ನೇರಳೆ ಬಣ್ಣದ ಹೊಳೆದಾಸವಾಳಗಳನ್ನು ನೆಡಬಹುದು. ಇವೆರಡೂ ಈ ದೇಶದ ಮರಗಳೇ ಆಗಿದ್ದು ಚೆಲುವಿನಲ್ಲಿ ಗುಲ್‌ಮೊಹರಕ್ಕೆ ಯಾವ ರೀತಿಯಿಂದಲೂ ಕಡಿಮೆಯವಲ್ಲ. ಆಷಾಢ-ಶ್ರಾವಣಗಳಲ್ಲಿ ಜಾಜಿ, ಸಂಪಿಗೆ, ಸುಗಂಧರಾಜ, ಬೀಜದಿಂದ ಬೇಗ ಬರುವ ಕರ್ಣಕುಂಡಲ. ಭಾದ್ರಪದ-ಆಶ್ವಿನಗಳಲ್ಲಿ ಪಾರಿಜಾತ, ಚೆಂಡುಹೂ. ಕಾರ್ತಿಕದ ಹೊತ್ತಿಗೆ ಆಕಾಶಮಲ್ಲಿಗೆ. ಮಾರ್ಗಶಿರದಿಂದ ಮಾಘದ ವರೆಗೆ ಸೇವಂತಿಗೆ, ಗುಲಾಬಿ, ಗೋರಟೆ. ಸೇವಂತಿಗೆಯು ಚೀನ ದೇಶದಿಂದ ಬಂದ ಹಳೆಯ ಅತಿಥಿ. ಇರುಳು ದೀರ್ಘವಾದುದನ್ನು ಅರಿತೇ ಅದು ಮೊಗ್ಗು ಬಿಡುವದು. ಗಿಡಗಳು ಹೀಗೆ ಹಗಲಿರುಳುಗಳನ್ನು ಅಳೆಯುತ್ತವೆಂಬದನ್ನು ಅಮೇರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಶಾಸ್ತ್ರಜ್ಞರು ೧೯೨೦ರಲ್ಲಿ ತೋರಿಸಿಕೊಟ್ಟರು. ಬೀದಿಯ ದೀಪವು ಇರುಳೆಲ್ಲ ಬೀಳುವಲ್ಲಿ ಸೇವಂತಿಗೆಯನ್ನು ಇಟ್ಟು, ಹೂವು ತಡವಾಯಿತೆಂದು ಗಿಡವನ್ನು ದೂರುವವರಿಗೆ ಇದೇ ಉತ್ತರ. ಇನ್ನು ದಾಸವಾಳ, ಕಣಗಿಲೆ, ಅಬ್ಬಲಿಗೆಗಳು ವರ್ಷದ ಹೆಚ್ಚಿನ ಕಾಲವೆಲ್ಲ ಕೈಬಿಡದ ನಂಟರು.

ಜಾಗದ ಅಳತೆಯನ್ನು ಮರೆಯಬಾರದು. ಹಳೆಯ ಮನೆಗಳ ಹಿತ್ತಲುಗಳು ಇಂದು ಪಾಲಾಗಿ, ಮಾಳಿಗೆಗಳಾಗಿ ಮಾಯವಾಗುತ್ತಿವೆ. ಮೂವತ್ತು-ನಾಲ್ವತ್ತು ಅಡಿಗಳ ನಿವೇಶನದಲ್ಲಿ ಮನೆಯು ಮುಗಿದ ಮೇಲೆ ಉಳಿಯುವದು ಒಂದು ಮಾರು ನೆಲ. ಅದಕ್ಕೂ ಫರಸಿ ಹಾಸುವ ರೂಢಿ ಬಂದಿದೆ. ಅಷ್ಟರಲ್ಲಿ ಗುಲ್‌ಮೊಹರವನ್ನು ನೆಟ್ಟರೆ ಕೆಲವು ವರ್ಷಗಳಲ್ಲಿ ಅದರ ಬೇರು ಕಟ್ಟೆಯನ್ನು ಎತ್ತುವದು, ಗಾಳಿಮಳೆಗೆ ಅದರ ಮೆದುವಾದ ಟೊಂಗೆ ಮುರಿದು ಬೀಳುವದು. ಕೊನೆಗೆ ಕೊಡಲಿಗೆ ಕೆಲಸ. ಚಿಕ್ಕ ಜಾಗಕ್ಕೆ ಪಾರಿಜಾತವೇ ಮರವಾಗಿ ಸಾಕು; ಕಂಬಕ್ಕೊಂದು ಜಾಜಿಯ ಬಳ್ಳಿ, ನೆಲಕ್ಕೊಂದು ಮಲ್ಲಿಗೆ, ನೆರಳಿನ ಬದಿಗೆ ಅಬ್ಬಲಿಗೆ, ಒಂದು ದಾಸವಾಳ. ಐದು ಗಿಡಗಳಾದರೂ ವರ್ಷವೆಲ್ಲ ಮನೆಯಲ್ಲಿ ಹೂವಿರುವದು. ಐವತ್ತು ಕುಂಡಗಳಿಂದ ಸಿಕ್ಕದ ತೃಪ್ತಿ ಅಲ್ಲಿ ಸಿಕ್ಕೀತು.

ಇಷ್ಟಕ್ಕೂ ನಿಜವಾಗಿ ಕಳೆದುಹೋಗುವ ಭಯವಿರುವದು ಯಾವದಕ್ಕೆ? ಕಾಗದದ ಹೂವಿಗಾಗಲಿ ಗುಲ್‌ಮೊಹರಕ್ಕಾಗಲಿ ಯಾವ ಭಯವೂ ಇಲ್ಲ. ಅವನ್ನು ಮಾರುವವರು ಎಲ್ಲೆಡೆಗೂ ಇದ್ದಾರೆ. ಭಯವಿರುವದು ಸುರಗಿಗೆ, ಪಾದರಿಗೆ, ಬಕುಳಕ್ಕೆ, ಇರುವಂತಿಗೆಗೆ. ಕಣ್ಣಿಗೆ ಸಾಧಾರಣವಾಗಿದ್ದು ಕಂಪಿನಿಂದ ಮಾತ್ರ ಬದುಕಿದ ಹೂಗಳಿಗೆ. ಹಳೆಯ ಕಾವ್ಯವನ್ನು ಓದುವ ಇಂದಿನ ವಿದ್ಯಾರ್ಥಿಗೆ ಈ ಹೆಸರುಗಳು ಬರಿಯ ಶಬ್ದಗಳಾಗಿವೆ. ಟಿಪ್ಪಣಿಯಲ್ಲಿ ‘ಒಂದು ಬಗೆಯ ಹೂವು’ ಎಂದಿದ್ದರೆ ಅಷ್ಟಕ್ಕೆ ಅವನು ಮುಂದೆ ಸಾಗುವನು. ಹೂವು ಹಿತ್ತಲಿನಿಂದ ಹೋದ ದಿನ ಕಾವ್ಯದ ಒಂದು ಸಾಲೂ ಅರ್ಥವನ್ನು ಕಳೆದುಕೊಳ್ಳುವದು. ಶಾಲೆಯ ಆವರಣದಲ್ಲಿ, ಗುಡಿಯ ಹಿಂದೆ, ಸಂಘಸಂಸ್ಥೆಗಳ ಬಯಲಿನಲ್ಲಿ ಒಂದೊಂದು ಬಕುಳವನ್ನೋ ಸುರಗಿಯನ್ನೋ ನೆಟ್ಟರೆ ಅದು ಗ್ರಂಥವನ್ನು ಪ್ರಕಟಿಸಿದಷ್ಟೇ ದೊಡ್ಡ ಸೇವೆಯಾದೀತು.

ಹಿತ್ತಲೆಂಬ ದಫ್ತರವನ್ನು ಓದಿ ತಿಳಿದದ್ದು ಇಷ್ಟು: ಈ ಸೀಮೆಯ ಜನರು ಹೂವನ್ನು ಅದರ ಜನ್ಮಸ್ಥಳವನ್ನು ಕೇಳಿ ಒಳಗೆ ಕರೆದುಕೊಳ್ಳಲಿಲ್ಲ. ಈ ನೆಲಕ್ಕೆ ಒಗ್ಗಿದ್ದನ್ನು, ಇದ್ದ ನೀರಿನಲ್ಲಿ ಬಾಳಿದ್ದನ್ನು, ತನ್ನ ತಿಂಗಳಲ್ಲಿ ತಪ್ಪದೆ ಬಂದು ದೇವರಿಗೋ ಹೆರಳಿಗೋ ಹಬ್ಬಕ್ಕೋ ಒದಗಿದ್ದನ್ನು ತಮ್ಮದೆಂದರು, ಅದಕ್ಕೆ ಕನ್ನಡದ ಹೆಸರಿಟ್ಟರು. ಹೊಸ ಅಂಗಳವನ್ನು ಮಾಡುವವರಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ. ಮುಂದಿನ ಅಂಗಳದಲ್ಲಿ ಕಣ್ಣಿಗೆ ಒಂದು ಗಿಡವಿರಲಿ. ಮನೆಯ ಮಗ್ಗುಲಿಗಾದರೂ ಮೂಗಿಗೆ ಒಂದು ಗಿಡವಿರಲಿ. ನಸುಕಿನಲ್ಲಿ ಎದ್ದ ಮಗುವು ನೆಲಕ್ಕೆ ಬಿದ್ದ ಪಾರಿಜಾತವನ್ನು ಆಯಲಿಕ್ಕೆ ಫರಸಿ ಹಾಸದ ಒಂದು ಮೊಳ ಮಣ್ಣು ಉಳಿದಿರಲಿ.